ಫೆಟ್ ಸಿಮ್ಯುಲೇಶನ್ ವಿಮರ್ಶೆ: ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ

ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬಿಗೆ ಒಂದೇ ಒಂದು ಕಲಿಕೆಯ ಆಟ ಹಾಕಬೇಕೆಂದರೆ ಫೆಟ್ (PhET) ಹಾಕಿ. ವಿಜ್ಞಾನ, ಗಣಿತದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಸಿಮ್ಯುಲೇಶನ್‌ಗಳ, ಅಂದರೆ ಅಣಕು ಪ್ರಯೋಗಗಳ, ಸಂಗ್ರಹ ಇದು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಕೂಡ ಬೇಡ. ಆದರೆ ಮಕ್ಕಳನ್ನು ಅದರ ಮುಂದೆ ಕೂರಿಸಿ ಮೇಷ್ಟ್ರು ಸ್ಟಾಫ್ ರೂಮಿಗೆ ಹೋದರೆ ನಲವತ್ತು ನಿಮಿಷ ಗದ್ದಲ ಆಗುತ್ತದೆ, ಅಷ್ಟೇ. ಈ ಸಾಫ್ಟ್‌ವೇರ್ ಮಗುವಿಗೆ "ಈಗ ಇದು ಮಾಡು, ಆಮೇಲೆ ಅದು ಮಾಡು" ಎಂದು ಹೇಳುವುದಿಲ್ಲ. ತಯಾರಿಸಿದವರು ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ಪ್ರಶ್ನೆ ಹೊರಗಿನಿಂದ ಬರಬೇಕು. ಒಳ್ಳೆಯ ಪ್ರಶ್ನೆ ಕೈಯಲ್ಲಿದ್ದ ದಿನ ಇದಕ್ಕಿಂತ ಉತ್ತಮ ಸಲಕರಣೆ ಸಿಗುವುದು ಕಷ್ಟ.

ಇದರ ಮೂಲ ಅಮೆರಿಕದ ಬೌಲ್ಡರ್‌ನಲ್ಲಿರುವ ಕೊಲೊರಾಡೊ ವಿಶ್ವವಿದ್ಯಾಲಯ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಹಂಚಿಕೊಂಡ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ್ದು. ಮೊದಲು ಭೌತಶಾಸ್ತ್ರ ಮಾತ್ರ ಇತ್ತು, ಈಗ ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೂ ಹಬ್ಬಿದೆ. ಒಂದೊಂದು ಸಿಮ್ಯುಲೇಶನ್‌ಗೂ ಸಾಮಾನ್ಯವಾಗಿ ಎರಡು ಮೂರು ಪರದೆ ಇರುತ್ತವೆ: ಪರಿಚಯ, ಲ್ಯಾಬ್, ಮತ್ತು ಕೆಲವದರಲ್ಲಿ ಅಂಕ, ನಕ್ಷತ್ರ, ಟೈಮರ್ ಇರುವ ಆಟ. ಮಕ್ಕಳು ತೆರೆದ ಕೂಡಲೇ ಹಾರುವುದು ಆ ಆಟದ ಪರದೆಗೆ. ಅಲ್ಲಿಂದ ಅವರನ್ನು ಹಿಂದಕ್ಕೆಳೆದು ತರುವುದೇ ಮೊದಲ ಕೆಲಸ.

ಇಳಿಸಿಕೊಳ್ಳುವುದು

ಪ್ರತಿ ಸಿಮ್ಯುಲೇಶನ್ನಿನ ಪುಟದಲ್ಲೂ ಡೌನ್‌ಲೋಡ್ ಗುಂಡಿ ಇದೆ. ಒತ್ತಿದರೆ ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಬರುತ್ತದೆ. ಚಿತ್ರ, ಶಬ್ದ, ಲೆಕ್ಕಾಚಾರ ಎಲ್ಲ ಅದರೊಳಗೇ ಇರುವುದರಿಂದ ಇನ್‌ಸ್ಟಾಲ್ ಮಾಡುವ ರಗಳೆಯಿಲ್ಲ, ಅಡ್ಮಿನ್ ಪಾಸ್‌ವರ್ಡ್ ಕೇಳುವುದಿಲ್ಲ. ಗಾತ್ರ ಕೆಲವೇ ಎಂಬಿ. ಹಾಗಾಗಿ ಒಬ್ಬರ ಮೊಬೈಲ್ ಡೇಟಾದಲ್ಲಿ ಇಳಿಸಿ ಪೆನ್‌ಡ್ರೈವ್ ಮೂಲಕ ಇಡೀ ಲ್ಯಾಬಿಗೆ ಹಂಚಬಹುದು. ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರ್ ಮಾಡಿ ಹಾಕಿ, ಡಬಲ್ ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ತೆರೆಯುತ್ತದೆ.

ತೊಂದರೆ ಬರುವುದು ಮೂರು ಕಡೆ. ಹಳೆಯ ಯಂತ್ರದಲ್ಲಿ ಫೈಲ್ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ತೆರೆದುಕೊಂಡರೆ ಖಾಲಿ ಪರದೆಯೋ ಎಚ್ಚರಿಕೆಯೋ ಬರುತ್ತದೆ. ರೈಟ್ ಕ್ಲಿಕ್ ಮಾಡಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ಆಯ್ದುಕೊಂಡು, ಯಾವಾಗಲೂ ಅದರಲ್ಲೇ ತೆರೆಯುವಂತೆ ಮಾಡಬೇಕು. ವಿಂಡೋಸ್ 7 ಇರುವ ಲ್ಯಾಬುಗಳಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ, ಹೊಸದು ಬರುವುದಿಲ್ಲ. ಆದ್ದರಿಂದ ಒಂದು ಯಂತ್ರದಲ್ಲಿ ಫೈಲ್ ಪೂರ್ತಿ ತೆರೆದು, ಎಲ್ಲ ಪರದೆಗೂ ಹೋಗಿ ನೋಡಿ, ಆಮೇಲೆ ಉಳಿದವಕ್ಕೆ ಹಾಕಿ. ಎರಡನೆಯದು ಆಂಡ್ರಾಯ್ಡ್ ಫೋನು. ಫೈಲ್ ಮ್ಯಾನೇಜರಿನಲ್ಲಿ ಮುಟ್ಟಿದರೆ ಫೋನಿನದೇ ಎಚ್‌ಟಿಎಂಎಲ್ ವ್ಯೂಯರ್ ತೆರೆದು ಬಿಳಿ ಪರದೆ ತೋರಿಸುವುದುಂಟು. "ಇದರಲ್ಲಿ ತೆರೆ" ಎಂಬಲ್ಲಿ ಕ್ರೋಮ್ ಆಯ್ದುಕೊಂಡರೆ ಸರಿಹೋಗುತ್ತದೆ. ಮೂರನೆಯದು, ಎಂದೋ ಯಾರೋ ಕೊಟ್ಟ ಸಿಡಿಯಲ್ಲಿರುವ ಹಳೆಯ ಫ್ಲ್ಯಾಶ್, ಜಾವಾ ಆವೃತ್ತಿಗಳು. ಫ್ಲ್ಯಾಶ್ 2020ರ ಕೊನೆಗೆ ಮುಗಿದುಹೋಯಿತು, ಆ ಸಿಡಿಯ ಹಿಂದೆ ಬಿದ್ದು ಸಮಯ ಕಳೆಯಬೇಡಿ. ಮೂರು ಆಯಾಮದ ಚಿತ್ರವಿರುವ ಕೆಲವು ಸಿಮ್ಯುಲೇಶನ್‌ಗಳು ಹಳೆಯ ಗ್ರಾಫಿಕ್ಸ್‌ನಲ್ಲಿ ತಡವರಿಸುತ್ತವೆ. ಇಲ್ಲಿ ಹೇಳಿರುವ ಯಾವುದೂ ಆ ಗುಂಪಿನದಲ್ಲ.

ವಿದ್ಯುತ್ ಮಂಡಲದ ಕಿಟ್

ಇಡೀ ಸಂಗ್ರಹದಲ್ಲಿ ಹತ್ತನೇ ತರಗತಿಗೆ ಅತಿ ಹೆಚ್ಚು ಉಪಯೋಗವಾಗುವುದು ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ. ಇದರಲ್ಲಿ ಆಟದ ಪರದೆ ಇಲ್ಲ, ಅಂಕವೂ ಇಲ್ಲ. ಆದರೂ ಮಕ್ಕಳು ಬಿಟ್ಟೇಳದೆ ಆಡುವುದು ಇದನ್ನೇ. ಕಾರಣ ಸರಳ, ಬ್ಯಾಟರಿಗೆ ಬೆಂಕಿ ಹಚ್ಚಬಹುದು. ಬ್ಯಾಟರಿಯ ಎರಡು ತುದಿಗೆ ಬರಿಯ ತಂತಿ ಜೋಡಿಸಿದರೆ ಜ್ವಾಲೆ ಏಳುತ್ತದೆ. ಮೊದಲ ಐದು ನಿಮಿಷ ಇಡೀ ಲ್ಯಾಬಿನಲ್ಲಿ ಬೆಂಕಿಯೇ. ತಡೆಯಬೇಡಿ, ಶಾರ್ಟ್ ಸರ್ಕ್ಯೂಟ್ ಪಾಠ ಅಲ್ಲಿಗೇ ಅರ್ಧ ಮುಗಿದಿರುತ್ತದೆ.

ಇದರಲ್ಲಿ ಎರಡು ಆವೃತ್ತಿಗಳಿವೆ, ಒಂದು ಮಾಮೂಲಿಯದು, ಇನ್ನೊಂದು "ವರ್ಚುಯಲ್ ಲ್ಯಾಬ್" ಎಂಬ ಬಾಲ ಇರುವುದು. ಹತ್ತನೇ ತರಗತಿಗೆ ಬಾಲ ಇರುವುದನ್ನೇ ಇಳಿಸಿಕೊಳ್ಳಿ. ಮಾಮೂಲಿ ಆವೃತ್ತಿಯಲ್ಲಿ ಎರಡು ಬಗೆಯ ಅಮ್ಮೀಟರ್ ಇವೆ, ಅದರಲ್ಲೊಂದನ್ನು ತಂತಿಯ ಮೇಲೆ ಸುಮ್ಮನೆ ಹಿಡಿದರೆ ಸಾಕು, ಪ್ರವಾಹ ತೋರಿಸುತ್ತದೆ. ಮಂಡಲವನ್ನು ಕತ್ತರಿಸಬೇಕಿಲ್ಲ, ಸರಣಿಯಲ್ಲಿ ಜೋಡಿಸಬೇಕಿಲ್ಲ. ಆಟಕ್ಕೆ ಅನುಕೂಲವೇ, ಪಾಠಕ್ಕೆ ಮಾರಕ. ಅಮ್ಮೀಟರ್ ಸರಣಿಯಲ್ಲಿ, ವೋಲ್ಟ್‌ಮೀಟರ್ ಸಮಾಂತರದಲ್ಲಿ ಎಂದು ಪುಸ್ತಕ ಹೇಳುವುದನ್ನು ಕೈಯಾರೆ ಮಾಡುವ ಅವಕಾಶವೇ ತಪ್ಪಿಹೋಗುತ್ತದೆ. ವರ್ಚುಯಲ್ ಲ್ಯಾಬ್ ಆವೃತ್ತಿಯಲ್ಲಿ ಮಂಡಲದೊಳಗೆ ಜೋಡಿಸುವ ಅಮ್ಮೀಟರ್ ಮಾತ್ರ ಇದೆ. ಮಗು ಅದನ್ನು ಬ್ಯಾಟರಿಗೆ ಅಡ್ಡಲಾಗಿ ಹಾಕಿದರೆ ಮತ್ತೆ ಬೆಂಕಿ. ನಿಜವಾದ ಲ್ಯಾಬಿನಲ್ಲಿ ಈ ತಪ್ಪಿಗೆ ಒಂದು ಮೀಟರ್ ಬಲಿಯಾಗುತ್ತದೆ.

ಜೋಡಿಸುವಾಗ ಎಡವುವ ಜಾಗಗಳು ಯಾವಾಗಲೂ ಅವೇ. ತಂತಿಯ ತುದಿ ಬಲ್ಬಿನ ಹತ್ತಿರ ಬಂದಿರುತ್ತದೆ, ಸೇರಿರುವುದಿಲ್ಲ. ಸೇರದ ತುದಿಯಲ್ಲಿ ಚುಕ್ಕೆಗೆರೆಯ ವೃತ್ತ ಉಳಿಯುತ್ತದೆ, ಸೇರಿದ ಕಡೆ ಬೆಸುಗೆಯಂಥ ಗುರುತು ಮೂಡುತ್ತದೆ. "ಬಲ್ಬ್ ಹತ್ತುತ್ತಿಲ್ಲ ಸಾರ್" ಎಂದಾಗ ಮೊದಲು ನೋಡಬೇಕಾದ್ದು ಅದನ್ನೇ. ತಪ್ಪು ಜೋಡಣೆ ಬಿಡಿಸಲು ಎಳೆದಾಡಬಾರದು, ಸೇರುವ ಬಿಂದುವನ್ನು ಒಮ್ಮೆ ಒತ್ತಿದರೆ ಕತ್ತರಿ ಬರುತ್ತದೆ. ವೋಲ್ಟ್‌ಮೀಟರಿನ ಎರಡು ಮೊನೆಗಳಲ್ಲಿ ಒಂದು ತಂತಿಗೆ ತಾಗಿರದಿದ್ದರೆ ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತದೆ. ಎರಡೂ ಮೊನೆ ಬಲ್ಬಿನ ಒಂದೇ ಬದಿಯಲ್ಲಿದ್ದರೆ ಸೊನ್ನೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸಿ, ವಿಭವಾಂತರ ಎಂದರೆ ಎರಡು ಬಿಂದುಗಳ ನಡುವಿನ ಲೆಕ್ಕ ಎಂಬುದು ಅಲ್ಲೇ ಗಟ್ಟಿಯಾಗುತ್ತದೆ.

ಓಮ್‌ನ ನಿಯಮಕ್ಕೆ ಹೀಗೆ ಮಾಡಿಸಿ. ಒಂದು ಬ್ಯಾಟರಿ, ಒಂದು ರೋಧಕ, ಒಂದು ಅಮ್ಮೀಟರ್, ಒಂದು ಸ್ವಿಚ್ಚು. ಬ್ಯಾಟರಿ ತಾನಾಗಿ 9 ವೋಲ್ಟ್, ರೋಧಕ 10 ಓಮ್ ಇರುತ್ತದೆ. ಬ್ಯಾಟರಿಯನ್ನು ಒತ್ತಿದರೆ ಕೆಳಗೆ ಸ್ಲೈಡರ್ ಬರುತ್ತದೆ. 3, 6, 9, 12 ವೋಲ್ಟ್ ಇಟ್ಟಾಗ 0.30, 0.60, 0.90, 1.20 ಆಂಪಿಯರ್ ಬರಬೇಕು. ನಕ್ಷೆ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆಸಿ. ನಂತರ ರೋಧಕ ತೆಗೆದು ಬಲ್ಬ್ ಹಾಕಿಸಿ. ಬಲ್ಬೂ 10 ಓಮ್, ಹಾಗಾಗಿ ಮತ್ತೆ ಅದೇ ನೇರ ಗೆರೆ.

ಇಲ್ಲೇ ಸ್ವಲ್ಪ ನಿಲ್ಲಬೇಕು. ನಿಜವಾದ ಟಾರ್ಚ್ ಬಲ್ಬಿನ ನಕ್ಷೆ ನೇರ ಗೆರೆಯಲ್ಲ. ತಂತು ಕಾದಂತೆ ರೋಧ ಏರುತ್ತದೆ, ಗೆರೆ ಬಾಗುತ್ತದೆ. ಈ ಕಿಟ್ಟಿನ ಮಾಮೂಲಿ ಬಲ್ಬು ಬೆಳಕು ಕೊಡುವ ರೋಧಕ ಮಾತ್ರ. ಲ್ಯಾಬಿನಲ್ಲಿ ನಿಜವಾದ ಬಲ್ಬಿಟ್ಟು ಅಳತೆ ಮಾಡಿದ ಮಗು "ನಮ್ಮದು ತಪ್ಪಾಯಿತು, ಕಂಪ್ಯೂಟರಿನದು ಸರಿ" ಎಂದುಕೊಂಡರೆ ಅನಾಹುತ. ಇದನ್ನು ಮೊದಲೇ ಹೇಳಿಬಿಡಬೇಕು, ಅಥವಾ ಇನ್ನೂ ಚೆಂದ, ಎರಡೂ ನಕ್ಷೆ ಪಕ್ಕಪಕ್ಕ ಇಟ್ಟು ಯಾಕೆ ಹೀಗೆ ಎಂದು ಕೇಳಬೇಕು.

ಬ್ಯಾಟರಿಯದೂ ಅದೇ ಕಥೆ. ಮೊದಲಿಗೆ ಅದರ ಆಂತರಿಕ ರೋಧ ಸೊನ್ನೆ. 10 ಓಮಿನ ಎರಡು ಬಲ್ಬು ಸರಣಿಯಲ್ಲಿಟ್ಟರೆ 0.45 ಆಂಪಿಯರ್, ಎರಡೂ ಮಂಕು. ಸಮಾಂತರದಲ್ಲಿಟ್ಟರೆ ಒಂದೊಂದಕ್ಕೂ 0.90, ಬ್ಯಾಟರಿಯಿಂದ ಒಟ್ಟು 1.80, ಮೊದಲ ಬಲ್ಬಿನ ಬೆಳಕು ಒಂಚೂರೂ ಕಡಿಮೆಯಾಗುವುದಿಲ್ಲ. ಪುಸ್ತಕಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಹಳೆಯ ಸೆಲ್ಲಿಗೆ ಎರಡನೇ ಬಲ್ಬು ಸಮಾಂತರದಲ್ಲಿ ಜೋಡಿಸಿ ನೋಡಿ, ಮೊದಲನೆಯದೂ ಮಂಕಾಗುತ್ತದೆ. ಅದನ್ನು ಪರದೆಯಲ್ಲೂ ತೋರಿಸಬಹುದು: ಬದಿಯಲ್ಲಿರುವ ಹೆಚ್ಚುವರಿ ಫಲಕ ತೆರೆದು ಬ್ಯಾಟರಿ ರೋಧವನ್ನು 1 ಓಮಿಗೆ ಇಡಿ. ಒಂದು ಬಲ್ಬಿಗೆ 0.82 ಆಂಪಿಯರ್, ಎರಡನೆಯದನ್ನು ಸಮಾಂತರದಲ್ಲಿ ಸೇರಿಸಿದರೆ ಒಂದೊಂದಕ್ಕೆ 0.75. ಬ್ಯಾಟರಿಯ ತುದಿಗಳ ನಡುವೆ 9ರ ಬದಲು 7.5 ವೋಲ್ಟ್. ಹತ್ತನೇ ತರಗತಿಯ ಪಾಠದಲ್ಲಿ ಇಷ್ಟು ಬೇಕಿಲ್ಲ, ಆದರೆ ಚುರುಕಾದ ಮಗು ಖಂಡಿತ ಕೇಳುತ್ತದೆ, ಉತ್ತರ ಕೈಯಲ್ಲಿರಲಿ.

ಫ್ಯೂಸ್ ಬೇರೆ ಇದೆ, ಎಷ್ಟು ಆಂಪಿಯರಿಗೆ ಹೋಗಬೇಕೆಂದು ನಾವೇ ಇಡಬಹುದು. ಬ್ಯಾಟರಿ ರೋಧವನ್ನು ಮತ್ತೆ ಸೊನ್ನೆಗೆ ತಂದು, ಫ್ಯೂಸನ್ನು 4 ಆಂಪಿಯರಿಗೆ ಇಟ್ಟು ಬಲ್ಬುಗಳನ್ನು ಒಂದೊಂದಾಗಿ ಸಮಾಂತರದಲ್ಲಿ ಸೇರಿಸುತ್ತಾ ಹೋದರೆ ನಾಲ್ಕರವರೆಗೆ ತಡೆದುಕೊಂಡು ಐದನೆಯದಕ್ಕೆ ಹೋಗುತ್ತದೆ. ಸೇರಿಸುವ ಮೊದಲೇ ಎಷ್ಟನೆಯದಕ್ಕೆ ಎಂದು ಬರೆಸಿ. ಒಂದೇ ಸಾಕೆಟ್ಟಿಗೆ ಮಲ್ಟಿಪ್ಲಗ್ ಸಿಕ್ಕಿಸಿ ಇಸ್ತ್ರಿ, ಹೀಟರ್ ಎಲ್ಲ ಹಾಕಿದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ.

ಇನ್ನೊಂದು ಕಿರಿಕಿರಿ. ಬಲಗಡೆ ಕೆಳಮೂಲೆಯಲ್ಲಿ ಕಿತ್ತಳೆ ಬಣ್ಣದ ದುಂಡು ಗುಂಡಿ ಇದೆ. ಒತ್ತಿದರೆ ಕಟ್ಟಿದ ಮಂಡಲ ಪೂರ್ತಿ ಅಳಿಸಿಹೋಗುತ್ತದೆ, "ಖಂಡಿತವೇ?" ಎಂದು ಒಂದು ಮಾತೂ ಕೇಳುವುದಿಲ್ಲ. ಎಲ್ಲ ಸಿಮ್ಯುಲೇಶನ್‌ಗಳಲ್ಲೂ ಇದು ಹೀಗೇ. ಉಳಿಸಿಡುವ ಸೌಲಭ್ಯವೂ ಇಲ್ಲ. ಟ್ಯಾಬ್ ಮುಚ್ಚಿದರೆ, ಕರೆಂಟ್ ಹೋದರೆ ಎಲ್ಲ ಮೊದಲಿನಿಂದ. ಅಳತೆಗಳನ್ನು ಆಗಿಂದಾಗಲೇ ನೋಟ್‌ಬುಕ್ಕಿಗೆ ಇಳಿಸುವುದು ಕಡ್ಡಾಯ ಮಾಡಿ.

ಸಮೀಕರಣ ಸರಿದೂಗಿಸುವ ಆಟ

ಇದು ಪಕ್ಕಾ ಆಟ. ಪರಿಚಯದ ಪರದೆಯಲ್ಲಿ ಮೂರು ಕ್ರಿಯೆಗಳಿವೆ: ಅಮೋನಿಯ ತಯಾರಿ, ನೀರಿನ ವಿಭಜನೆ, ಮೀಥೇನ್ ದಹನ. ಬಾಣದ ಗುಂಡಿ ಒತ್ತಿದಂತೆ ಅಣುಗಳ ಚಿತ್ರ ಏರುತ್ತದೆ, ಇಳಿಯುತ್ತದೆ. ತಕ್ಕಡಿಯನ್ನೋ ಪಟ್ಟಿಗಳನ್ನೋ ತೆರೆದಿಟ್ಟುಕೊಂಡರೆ ಯಾವ ಧಾತುವಿನ ಪರಮಾಣು ಯಾವ ಕಡೆ ಹೆಚ್ಚು ಎಂದು ಕಾಣುತ್ತದೆ. ಸಮವಾದಾಗ ನಗುಮುಖ.

ಈ ಆಟದ ದೊಡ್ಡ ಗುಣವನ್ನು ಬಹಳ ಜನ ಗಮನಿಸುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮಕ್ಕಳು ಮಾಡುವ ಮಾಮೂಲಿ ತಪ್ಪೆಂದರೆ ಆಕ್ಸಿಜನ್ ಒಂದು ಕಡಿಮೆ ಬಿತ್ತೆಂದು ನೀರಿನ ಸೂತ್ರದೊಳಗೇ 2 ಎಂಬ ಅಂಕಿ ತುರುಕಿ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡಿಬಿಡುವುದು. ಇಲ್ಲಿ ಅದು ಸಾಧ್ಯವೇ ಇಲ್ಲ. ಸೂತ್ರದ ಒಳಗಿನ ಸಂಖ್ಯೆಗೆ ಬಾಣದ ಗುಂಡಿಯಿಲ್ಲ, ಮುಂದಿನ ಗುಣಾಂಕಕ್ಕೆ ಮಾತ್ರ ಇದೆ. ಹತ್ತು ಸಲ ಬೋರ್ಡಿನ ಮೇಲೆ ಹೇಳಿದ್ದು ಇಲ್ಲಿ ಒಂದೇ ಸಲಕ್ಕೆ ಕೈಗೆ ಹತ್ತುತ್ತದೆ. ಅಮೋನಿಯಕ್ಕೆ ಒಂದು ನೈಟ್ರೋಜನ್ ಅಣು, ಮೂರು ಹೈಡ್ರೋಜನ್ ಅಣು, ಎರಡು ಅಮೋನಿಯ ಎಂಬುದರ ಬದಲು ಎರಡು, ಆರು, ನಾಲ್ಕು ಹಾಕಿದರೆ ಆಟದಲ್ಲಿ "ಸಮವಾಗಿದೆ, ಆದರೆ ಇನ್ನೂ ಚಿಕ್ಕದಾಗಿಸಬಹುದು" ಎಂಬರ್ಥದ ಉತ್ತರ ಬರುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲೇ.

ದೋಷ ಅಂಕದ ಲೆಕ್ಕದಲ್ಲಿದೆ. ಒಂದು ಹಂತಕ್ಕೆ ಐದು ಸವಾಲು. ಮೊದಲ ಪ್ರಯತ್ನಕ್ಕೆ ಸರಿಯಾದರೆ 2 ಅಂಕ, ಎರಡನೆಯದಕ್ಕೆ 1. ಮೊದಲ ಹಂತದಲ್ಲಿ ಗುಣಾಂಕಗಳು ಚಿಕ್ಕವು, ಹಾಗಾಗಿ ಬಾಣ ಒತ್ತುತ್ತಾ ಚಿತ್ರ ನೋಡುತ್ತಾ ಹೋದರೆ ತಲೆ ಓಡಿಸದೆಯೇ ಉತ್ತರ ಸಿಗುತ್ತದೆ. ಹತ್ತಕ್ಕೆ ಹತ್ತು ಬಂದ ಮಗುವಿಗೆ ಹಾಳೆಯ ಮೇಲೆ ಅದೇ ಸಮೀಕರಣ ಕೊಟ್ಟರೆ ಪೆನ್ನು ಕಚ್ಚುತ್ತಾ ಕೂರುತ್ತದೆ. ಪರಿಹಾರ ಕಷ್ಟದ್ದಲ್ಲ. ಬಾಣ ಮುಟ್ಟುವ ಮೊದಲು ಜೋಡಿಯಲ್ಲಿ ಒಬ್ಬರು ಹಾಳೆಯ ಮೇಲೆ ಧಾತುವಾರು ಎಣಿಕೆ ಬರೆಯಬೇಕು, ಎಡಕ್ಕೆಷ್ಟು ಬಲಕ್ಕೆಷ್ಟು ಎಂದು. ಎಡಕ್ಕೂ ಬಲಕ್ಕೂ ಒಂದೊಂದೇ ಬಗೆಯ ಅಣುವಿನಲ್ಲಿ ಇರುವ ಧಾತುವಿನಿಂದ ಆರಂಭಿಸಿ, ಒಂಟಿಯಾಗಿ ಇರುವ ಆಕ್ಸಿಜನ್ನಿನಂಥದ್ದನ್ನು ಕೊನೆಗೆ ಇಟ್ಟುಕೊಳ್ಳುವುದು ಕ್ರಮ. ಮೀಥೇನಿನಲ್ಲಿ ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಕಡೆಗೆ ಆಕ್ಸಿಜನ್. ಆ ಹಾಳೆ ತುಂಬಿದ ಮೇಲೆಯೇ ಇನ್ನೊಬ್ಬರು ಮೌಸ್ ಹಿಡಿಯಬೇಕು. ಟೈಮರ್ ಬಂದ್ ಮಾಡಿ, ಅದು ಊಹೆಗೆ ಕುಮ್ಮಕ್ಕು ಕೊಡುತ್ತದೆ. ಮೂರನೇ ಹಂತಕ್ಕೆ ಬಂದಾಗ ಊಹೆ ತಾನಾಗಿ ಸೋಲುತ್ತದೆ.

ಇನ್ನೊಂದು ಕೊರತೆಯೂ ಇದೆ. ಘನ, ದ್ರವ, ಅನಿಲ, ಜಲೀಯ ಎಂದು ಆವರಣದಲ್ಲಿ ಬರೆಯುವ ಸ್ಥಿತಿಯ ಸಂಕೇತಗಳು ಇಲ್ಲಿಲ್ಲ. ಎಸ್‌ಎಸ್‌ಎಲ್‌ಸಿ ಉತ್ತರಕ್ಕೆ ಅವು ಬೇಕು, ಹಾಗಾಗಿ ಹಾಳೆಯ ಮೇಲೆ ಬರೆಸುವ ಅಭ್ಯಾಸ ಬಿಡುವಂತಿಲ್ಲ.

ಪರಮಾಣು ಕಟ್ಟುವುದು, ತಕ್ಕಡಿ ಹಲಗೆ, ಲೋಲಕ

ಬಿಲ್ಡ್ ಆನ್ ಆಟಮ್ ಒಂಬತ್ತನೇ ತರಗತಿಯ ಪರಮಾಣು ರಚನೆ ಪಾಠಕ್ಕೆ. ಬುಟ್ಟಿಗಳಿಂದ ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಎಳೆದು ಹಾಕಿದರೆ ಯಾವ ಧಾತು, ಅಯಾನೋ ತಟಸ್ಥವೋ, ಬೀಜಕೇಂದ್ರ ಸ್ಥಿರವೋ ಅಲ್ಲವೋ ಎಂದು ಹೇಳುತ್ತದೆ. ಪ್ರೋಟಾನ್ ಸೇರಿಸಿದಾಗ ಮಾತ್ರ ಧಾತುವಿನ ಹೆಸರು ಬದಲಾಗುತ್ತದೆ, ಎಲೆಕ್ಟ್ರಾನ್ ತೆಗೆದರೆ ಆವೇಶ ಮಾತ್ರ ಬದಲಾಗುತ್ತದೆ, ನ್ಯೂಟ್ರಾನ್ ಸೇರಿಸಿದರೆ ಎರಡೂ ಬದಲಾಗುವುದಿಲ್ಲ. ಈ ಮೂರು ವಾಕ್ಯ ಮಕ್ಕಳ ಬಾಯಲ್ಲಿ ಬರಿಸಿದರೆ ಪರಮಾಣು ಸಂಖ್ಯೆ, ರಾಶಿಸಂಖ್ಯೆ, ಸಮಸ್ಥಾನಿ ಎಲ್ಲ ಮುಗಿದಂತೆ. ಒಂದು ಒಳ್ಳೆಯ ಪ್ರಶ್ನೆ: ನಾಲ್ಕು ಪ್ರೋಟಾನಿನ ಬೆರಿಲಿಯಮ್ಮಿಗೆ ನಾಲ್ಕು ನ್ಯೂಟ್ರಾನ್ ಹಾಕಿದರೆ ಅಸ್ಥಿರ, ಐದು ಹಾಕಿದರೆ ಸ್ಥಿರ. ಹಾಗಾದರೆ ಸಮ ಸಂಖ್ಯೆಯಲ್ಲಿದ್ದರೆ ಸ್ಥಿರ ಎಂಬ ನಿಯಮ ನಿಂತೀತೇ? ಕಾರ್ಬನ್ ಕಟ್ಟಿ ನೋಡಲಿ, ಆರಕ್ಕೆ ಆರು ಸ್ಥಿರ. ತರಗತಿ ತಾನಾಗಿ ವಾದಕ್ಕೆ ಬೀಳುತ್ತದೆ.

ಆದರೆ ಬುಟ್ಟಿಯಲ್ಲಿ ಪ್ರೋಟಾನ್ ಇರುವುದು ಹತ್ತೇ. ನಿಯಾನಿಗೆ ಮುಗಿಯುತ್ತದೆ. ಸೋಡಿಯಂ, ಕ್ಲೋರಿನ್ ಕಟ್ಟಲಾಗದು, ಮೂರನೇ ಕವಚ ಶುರುವಾಗುವುದು ಕಾಣದು. ಉಪ್ಪಿನ ಉದಾಹರಣೆ ಕೊಡುವ ಶಿಕ್ಷಕರು ಇದನ್ನು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಪಾಠದ ಮಧ್ಯೆ ಬುಟ್ಟಿ ಖಾಲಿ. ಬೋರ್ಡಿನ ಮೇಲೆ ಎರಡು, ಎಂಟು, ಒಂದು ಎಂದು ಬರೆದು ಮುಂದುವರಿಸುವುದೇ ದಾರಿ.

ಬ್ಯಾಲೆನ್ಸಿಂಗ್ ಆ್ಯಕ್ಟ್ ನೋಡಲು ಚಿಕ್ಕ ಮಕ್ಕಳದ್ದು, ಮಧ್ಯದಲ್ಲಿ ಆಧಾರವಿರುವ ಏತದ ಹಲಗೆ. ಉಪಯೋಗ ಮಾತ್ರ ಎಂಟನೇ ತರಗತಿಯ ಗಣಿತದ ವಿಲೋಮ ಅನುಪಾತಕ್ಕೆ. ಇಟ್ಟಿಗೆಗಳು 5 ಕಿಲೋದ ಲೆಕ್ಕದಲ್ಲಿವೆ, ಹಲಗೆಯ ಮೇಲೆ ಕಾಲು ಮೀಟರಿಗೊಂದು ಗುರುತು. ಎಡಗಡೆ 1 ಮೀಟರಿನಲ್ಲಿ 10 ಕಿಲೋ ಇಟ್ಟು, ಬಲಗಡೆ 5 ಕಿಲೋ ಎಲ್ಲಿಡಬೇಕು ಎಂದು ಕೇಳಿ. ಬಹಳಷ್ಟು ಮಕ್ಕಳು ಕೂಡಿಸಿ ಕಳೆದು ಯೋಚಿಸುತ್ತಾರೆ: ತೂಕ ಸ್ವಲ್ಪ ಕಡಿಮೆ, ಹಾಗಾದರೆ ಒಂದೆರಡು ಗುರುತು ಆಚೆಗೆ. ಆಧಾರದ ಕಂಬ ತೆಗೆದ ತಕ್ಷಣ ಹಲಗೆ ವಾಲುತ್ತದೆ. ತೂಕ ಅರ್ಧವಾದರೆ ದೂರ ಇಮ್ಮಡಿ, ಅಂದರೆ 2 ಮೀಟರ್, ಎಂಬುದಕ್ಕೆ ಅವರೇ ಬರುತ್ತಾರೆ. 20 ಕಿಲೋ ಆದರೆ ಅರ್ಧ ಮೀಟರ್. ಫೆಟ್‌ನ ಆಟದ ಪರದೆಗಳಲ್ಲಿ ಇದರದ್ದೇ ಅತ್ಯುತ್ತಮ ಎನ್ನಬೇಕು, ಯಾಕೆಂದರೆ ಇಲ್ಲಿ ತಪ್ಪು ಉತ್ತರವೂ ಏನೋ ಒಂದನ್ನು ತೋರಿಸುತ್ತದೆ. ಕೆಂಪು ಗುರುತು ಹಾಕಿ ಸುಮ್ಮನಾಗುವುದಿಲ್ಲ, ಹಲಗೆ ಯಾವ ಕಡೆ ವಾಲಿತು ಎಂಬುದೇ ಮುಂದಿನ ಸುಳಿವು. ಎಡಕ್ಕೆ ವಾಲುತ್ತದೋ, ಬಲಕ್ಕೋ, ಸಮ ನಿಲ್ಲುತ್ತದೋ ಎಂದು ಮೊದಲೇ ಹೇಳಿಸುವ ಪ್ರಶ್ನೆಗಳೂ, ಗೊತ್ತಿಲ್ಲದ ವಸ್ತುವಿನ ತೂಕ ಕಂಡುಹಿಡಿಯುವ ಪ್ರಶ್ನೆಗಳೂ ಸೇರಿವೆ.

ಪೆಂಡುಲಮ್ ಲ್ಯಾಬ್ ಬಗ್ಗೆ ಚುಟುಕಾಗಿ: ಉದ್ದ 1 ಮೀಟರ್ ಇಟ್ಟರೆ ಅವಧಿ ಸುಮಾರು 2.01 ಸೆಕೆಂಡ್, ಕಾಲು ಮೀಟರಿಗೆ ಇಳಿಸಿದರೆ ಅದರ ಅರ್ಧ. ಗುಂಡಿನ ರಾಶಿ ಎಷ್ಟೇ ಮಾಡಿ, ಅವಧಿ ಕದಲುವುದಿಲ್ಲ. ಚಂದ್ರನಿಗೆ ಬದಲಿಸಿದರೆ ಸುಮಾರು 4.9 ಸೆಕೆಂಡ್. ಆಂದೋಲನದ ಕೋನ ದೊಡ್ಡದಾದರೆ ಅವಧಿಯೂ ಏರುತ್ತದೆ, 90 ಡಿಗ್ರಿಗೆ ಎಳೆದು ಬಿಟ್ಟರೆ ಸುಮಾರು ಶೇಕಡ 18ರಷ್ಟು. ಸಾಮಾನ್ಯ ಸೂತ್ರ ಚಿಕ್ಕ ಕೋನಕ್ಕೆ ಮಾತ್ರ ಎಂದು ಪುಸ್ತಕ ಹೇಳುವುದು ಇದಕ್ಕೇ. ಅವಧಿ ತಾನೇ ಅಳೆಯುವ ಸಲಕರಣೆ ಅದರಲ್ಲಿದೆ, ಅದನ್ನು ಮಕ್ಕಳಿಗೆ ಕೊಡಬೇಡಿ. ಸ್ಟಾಪ್‌ವಾಚ್ ಕೊಟ್ಟು 20 ಆಂದೋಲನ ಎಣಿಸಿ ಭಾಗಿಸಲು ಹೇಳಿ. ಪ್ರಾಕ್ಟಿಕಲ್‌ನಲ್ಲಿ ಮಾಡಬೇಕಾದ್ದು ಅದನ್ನೇ ತಾನೆ. ಐದು, ಆರನೇ ತರಗತಿಯವರಿಗೆ ಭಿನ್ನರಾಶಿ ಹೊಂದಿಸುವ ಫ್ರ್ಯಾಕ್ಷನ್ ಮ್ಯಾಚರ್ ಚೆನ್ನಾಗಿದೆ, ವಿವರಿಸುವ ಅಗತ್ಯವೇ ಇಲ್ಲದಷ್ಟು ಸರಳ.

ಕನ್ನಡದಲ್ಲಿ ಸಿಗುತ್ತದೆಯೇ

ಕೆಲವು ಸಿಗುತ್ತವೆ, ಎಲ್ಲವೂ ಇಲ್ಲ. ಅನುವಾದ ಮಾಡುವವರು ಸ್ವಯಂಸೇವಕರು, ಆದ್ದರಿಂದ ಒಂದಕ್ಕೆ ಇದೆ, ಪಕ್ಕದ್ದಕ್ಕೆ ಇಲ್ಲ. ಇಳಿಸಿಕೊಳ್ಳುವ ಮೊದಲು ಆ ಸಿಮ್ಯುಲೇಶನ್ನಿನ ಪುಟದಲ್ಲಿ ಅನುವಾದಗಳ ಪಟ್ಟಿ ನೋಡಿ, ಕನ್ನಡ ಇದ್ದರೆ ಅಲ್ಲಿಂದಲೇ ಇಳಿಸಿ. ಕನ್ನಡ ಆವೃತ್ತಿಯಲ್ಲೊಂದು ತೊಡಕು: ಗುಂಡಿ, ಫಲಕಗಳ ಅಗಲ ನಿಗದಿಯಾಗಿರುತ್ತದೆ, ಅದರಲ್ಲಿ ಹಿಡಿಸದ ಉದ್ದದ ಪದ ಬಂದರೆ ಅಕ್ಷರವನ್ನೇ ಕುಗ್ಗಿಸುತ್ತದೆ. ಹಳೆಯ 15 ಇಂಚಿನ ಮಾನಿಟರಿನಲ್ಲಿ ಒತ್ತಕ್ಷರ ಓದಲಾಗುವುದಿಲ್ಲ. ಎಫ್ 11 ಒತ್ತಿ ಪೂರ್ಣ ಪರದೆ ಮಾಡಿದರೆ ಒಂದಷ್ಟು ವಾಸಿ. ಇಂಗ್ಲಿಷ್ ಆವೃತ್ತಿಯನ್ನೇ ಬಳಸುವುದಾದರೆ ಪಾಠಪುಸ್ತಕದ ಹತ್ತು ಹನ್ನೆರಡು ಪದಗಳ ಚೀಟಿ ಮಾಡಿ ಮಾನಿಟರಿನ ಪಕ್ಕ ಅಂಟಿಸಿ, ಸಾಕು. ಪದ ಕಡಿಮೆ, ಚಿತ್ರ ಹೆಚ್ಚು ಇರುವುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಭಾಷೆ ದೊಡ್ಡ ಅಡ್ಡಿಯಾಗುವುದಿಲ್ಲ. ಇಂಗ್ಲಿಷ್ ನಿಜವಾಗಿ ಅಡ್ಡಬರುವುದು ಸೈಟಿನಲ್ಲಿರುವ ಶಿಕ್ಷಕರ ಚಟುವಟಿಕೆ ಹಾಳೆಗಳಲ್ಲಿ.

ನಲವತ್ತು ನಿಮಿಷದ ಪೀರಿಯಡ್ಡಿಗೆ

ಒಂದು ಯಂತ್ರಕ್ಕೆ ಇಬ್ಬರು. ಮೂವರಾದರೆ ಮೂರನೆಯವರು ಕಿಟಕಿ ನೋಡುತ್ತಾರೆ. ಯಂತ್ರ ಕಡಿಮೆ ಇದ್ದರೆ ತರಗತಿಯನ್ನು ಎರಡು ಭಾಗ ಮಾಡಿ, ಅರ್ಧಕ್ಕೆ ನಿಜವಾದ ಸೆಲ್, ತಂತಿ, ಬಲ್ಬ್ ಕೊಟ್ಟು ಇನ್ನರ್ಧವನ್ನು ಕಂಪ್ಯೂಟರಿಗೆ ಕಳಿಸಿ, ಮುಂದಿನ ಪೀರಿಯಡ್ಡಿನಲ್ಲಿ ಅದಲು ಬದಲು. ಮೊದಲ ಐದು ನಿಮಿಷ ಮನಸ್ಸಿಗೆ ಬಂದಂತೆ ಆಡಲಿ, ಏನೂ ಹೇಳಬೇಡಿ. ಗುಂಡಿಗಳೆಲ್ಲ ಎಲ್ಲಿವೆ ಎಂಬುದನ್ನು ಅವರು ನಮಗಿಂತ ಬೇಗ ಕಂಡುಕೊಳ್ಳುತ್ತಾರೆ. ಆಮೇಲೆ ಬೋರ್ಡಿನ ಮೇಲೆ ಒಂದು ಪ್ರಶ್ನೆ, ಎರಡಲ್ಲ. ಉತ್ತರದ ಊಹೆಯನ್ನು ಪೆನ್ನಿನಲ್ಲಿ ಬರೆದ ಮೇಲೆಯೇ ಮೌಸಿಗೆ ಕೈ. ಪೆನ್ಸಿಲ್ ಬೇಡ, ಅಳಿಸಿ ತಿದ್ದುತ್ತಾರೆ. ಇದಕ್ಕೆ ಇಪ್ಪತ್ತು ನಿಮಿಷ. ಆಮೇಲಿನ ಹತ್ತು ನಿಮಿಷ ಆಟದ ಪರದೆ. ಉಳಿದ ಐದು ನಿಮಿಷ ಊಹೆ ಎಲ್ಲಿ ತಪ್ಪಿತು ಎಂದು ಒಂದೆರಡು ಜೋಡಿಗಳಿಂದ ಹೇಳಿಸುವುದಕ್ಕೆ. ಮೌಸ್ ಯಾವಾಗಲೂ ಒಬ್ಬರ ಕೈಯಲ್ಲೇ ಉಳಿಯದಂತೆ ಹತ್ತು ನಿಮಿಷಕ್ಕೊಮ್ಮೆ ಸೀಟು ಬದಲಿಸಿ. ಹುಡುಗ ಹುಡುಗಿ ಜೋಡಿಯಾದರೆ ಬರೆಯುವ ಕೆಲಸ ಸದಾ ಹುಡುಗಿಯ ಪಾಲಿಗೆ ಬೀಳುವುದನ್ನು ಎಲ್ಲ ಶಿಕ್ಷಕರೂ ನೋಡಿರುತ್ತಾರೆ.

ಆಟದ ಅಂಕವನ್ನು ಆಂತರಿಕ ಮೌಲ್ಯಮಾಪನಕ್ಕೆ ಬಳಸಬೇಡಿ. ಯಾರು ಎಷ್ಟು ಗಳಿಸಿದರೆಂದು ಫೆಟ್ ದಾಖಲೆ ಇಡುವುದಿಲ್ಲ, ಇಟ್ಟಿದ್ದರೂ ಆ ಅಂಕ ಹೇಳುವುದು ಅಲ್ಪ. ಊಹೆ ಬರೆದ ಹಾಳೆಯನ್ನು ತೆಗೆದುಕೊಳ್ಳಿ, ಅದರಲ್ಲಿ ಎಲ್ಲ ಇರುತ್ತದೆ.

ಬೇರೆ ಆಟಗಳ ಪಕ್ಕದಲ್ಲಿ

ಗುಣಾಕಾರದ ಮಗ್ಗಿಗೆ ಟಕ್ಸ್‌ಮ್ಯಾತ್ ಹೆಸರು ಹೆಚ್ಚು ಕೇಳಿಬರುತ್ತದೆ. ಮೇಲಿನಿಂದ ಲೆಕ್ಕ ಹೊತ್ತ ಧೂಮಕೇತು ಬೀಳುತ್ತದೆ, ಉತ್ತರ ಟೈಪ್ ಮಾಡಿದರೆ ಲೇಸರ್ ಅದನ್ನು ಸುಡುತ್ತದೆ, ತಪ್ಪಿದರೆ ಪೆಂಗ್ವಿನ್‌ಗಳ ಹಿಮದ ಮನೆಗೆ ಹೊಡೆತ. ರಂಜನೆಗೆ ಕೊರತೆಯಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ. ಆದರೆ ಅದು ಬಂದದ್ದನ್ನು ಚುರುಕು ಮಾಡುತ್ತದೆ, ಬಾರದ್ದನ್ನು ಕಲಿಸುವುದಿಲ್ಲ. ಏಳೆಂಟಲ ಐವತ್ತಾರು ಬಾಯಿಪಾಠ ಬರುವ ಮಗುವೂ ಕೀಬೋರ್ಡಿನಲ್ಲಿ ಐದು ಎಲ್ಲಿದೆ ಎಂದು ಹುಡುಕುವುದರೊಳಗೆ ಸೋಲುತ್ತದೆ. ವೇಗ ಕಡಿಮೆ ಮಾಡಿ, ನಂಬರ್ ಪ್ಯಾಡ್ ಬಳಸುವುದನ್ನು ಮೊದಲು ಕಲಿಸಿ. 2000ದಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಜಿಕಾಂಪ್ರಿ ಎರಡರಿಂದ ಹತ್ತು ವರ್ಷದವರಿಗೆ. ಮೌಸ್ ಹಿಡಿಯುವುದರಿಂದ ಹಿಡಿದು ಚದುರಂಗದವರೆಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ, ಉಚಿತ, ಪ್ರಾಥಮಿಕ ಶಾಲೆಗೆ ಕಣ್ಣು ಮುಚ್ಚಿ ಹಾಕಬಹುದು, ಹೈಸ್ಕೂಲಿಗೆ ಬೇಡ. ಮೈನ್‌ಕ್ರಾಫ್ಟ್ ಎಜುಕೇಶನ್ ಆಕರ್ಷಕವೇ, ಆದರೆ ಪ್ರತಿ ಮಗುವಿಗೂ ಶಾಲೆಯ ಖಾತೆ, ಪರವಾನಗಿ, ಗಟ್ಟಿ ಗ್ರಾಫಿಕ್ಸ್ ಬೇಕು. ನಮ್ಮ ಬಹುತೇಕ ಲ್ಯಾಬುಗಳಲ್ಲಿ ಅದು ಪಾಸ್‌ವರ್ಡ್ ಮರೆತ ಮಕ್ಕಳನ್ನು ಸಂಭಾಳಿಸುವ ಕೆಲಸವಾಗುತ್ತದೆ.

ಮನೆಯಲ್ಲಿ ಒಬ್ಬ ಮಗನಿಗೋ ಮಗಳಿಗೋ ಕೊಡುವ ಪೋಷಕರಿಗೆ ಫೆಟ್ ಮೊದಲ ದಿನ ರುಚಿಸಿ ಎರಡನೇ ದಿನ ಮೂಲೆ ಸೇರುವ ಸಾಧ್ಯತೆ ಇದೆ. ಪಕ್ಕದಲ್ಲಿ ಕೂತು "ಇದನ್ನು ಹೀಗೆ ಮಾಡಿದರೆ ಏನಾಗುತ್ತೆ ಹೇಳು ನೋಡೋಣ" ಎನ್ನುವವರು ಒಬ್ಬರು ಬೇಕು. ವಿಜ್ಞಾನ ಗೊತ್ತಿರಬೇಕೆಂದೇನಿಲ್ಲ.

ಶಾಲೆಗೆ ಹಾಕುವವರು ಒಟ್ಟಿಗೆ ಐವತ್ತು ಫೈಲ್ ಇಳಿಸಿ ಡೆಸ್ಕ್‌ಟಾಪ್ ತುಂಬಬೇಡಿ, ಮಕ್ಕಳು ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತಾರೆ. ಸದ್ಯ ನಡೆಯುತ್ತಿರುವ ಪಾಠದ ಒಂದೇ ಫೈಲ್ ಹೊರಗಿರಲಿ, ಉಳಿದವು ಬೇರೆ ಫೋಲ್ಡರಿನಲ್ಲಿರಲಿ. ಫೈಲಿನ ಹೆಸರನ್ನು "10ನೇ ತರಗತಿ, ವಿದ್ಯುಚ್ಛಕ್ತಿ" ಎಂದು ಬದಲಿಸಿದರೂ ಅದು ಯಾವ ತೊಂದರೆಯೂ ಇಲ್ಲದೆ ತೆರೆಯುತ್ತದೆ. ಕೊನೆಯಲ್ಲಿರುವ ಎಚ್‌ಟಿಎಂಎಲ್ ಎಂಬ ಬಾಲವನ್ನು ಮಾತ್ರ ಅಳಿಸಬೇಡಿ.